ಉಪ್ಪಿಲ್ಲದ ಅನ್ನ ಕಲಿಸಿದ ಪಾಠ

'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂದರು ನಮ್ಮ ಹಿರಿಯರು. ಆದರೆ ಇದೇ ಉಪ್ಪು ರಕ್ತದೊತ್ತಡವನ್ನು ಏರಿಸಬಲ್ಲದೆಂಬ ಅರಿವಿಗೆ ನೂರು ವರ್ಷ ದಾಟಿದೆ. 1904ರಲ್ಲಿ ಫ್ರಾನ್ಸಿನ ಅಂಬಾರ್ ಮತ್ತು ಬೋಜಾರ್ ಎಂಬ ವೈದ್ಯರು ಇವೆರಡರ ನಂಟನ್ನು ಗುರುತಿಸಿದ್ದರು. ವೈದ್ಯಲೋಕ ಅದಕ್ಕೆ ತಕ್ಕಷ್ಟು ಕಿವಿಗೊಡಲಿಲ್ಲ.

ಆ ಕಾಲದಲ್ಲಿ ತೀವ್ರ ರಕ್ತದೊತ್ತಡಕ್ಕೆ ಒಳ್ಳೆಯ ಔಷಧಿಯೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಇದಕ್ಕೆ ಹೊರತಾಗಲಿಲ್ಲ. 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಅವರು ಕೊನೆಯುಸಿರೆಳೆದರು. ಅಂದು ಅವರ ರಕ್ತದೊತ್ತಡ 300/190 ಇತ್ತು.

ಅದೇ ದೇಶದಲ್ಲಿ ಬೇರೊಂದು ದಾರಿ ತೋರಿಸಿದವರು ಒಬ್ಬ ವಲಸಿಗ ವೈದ್ಯ. ಯಹೂದಿ ಮೂಲದ ವಾಲ್ಟರ್ ಕೆಂಪ್ನರ್ ನಾಝಿಗಳ ಆಡಳಿತದಲ್ಲಿ ಜರ್ಮನಿ ತೊರೆದು, 1934ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯ ಸೇರಿದರು. ಅವರು ರೋಗಿಗಳಿಗೆ ಕೊಟ್ಟ ಪಥ್ಯ ಉಪ್ಪಿಲ್ಲದ ಅನ್ನ, ಹಣ್ಣು, ಹಣ್ಣಿನ ರಸ ಮತ್ತು ಸಕ್ಕರೆ. 1942ರಲ್ಲಿ ಮೂತ್ರಪಿಂಡದ ಕಾಯಿಲೆಯಿದ್ದ ಮಹಿಳೆಯೊಬ್ಬರಿಗೆ ಎರಡು ವಾರ ಬಿಟ್ಟು ಬರಲು ಹೇಳಿದರು. ಅವರ ಜರ್ಮನ್ ಉಚ್ಚಾರಣೆ ಅರ್ಥವಾಗದೆ ಆಕೆ ಎರಡು ತಿಂಗಳು ಪಥ್ಯ ಮಾಡಿ ಬಂದರು. 190/120 ಇದ್ದ ಒತ್ತಡ 124/84ಕ್ಕೆ ಇಳಿದಿತ್ತು! ಮೂತ್ರಪಿಂಡದ ಹೊರೆ ಇಳಿದದ್ದೇ ಇದಕ್ಕೆ ಕಾರಣವೆಂದು ಕೆಂಪ್ನರ್ ಭಾವಿಸಿದ್ದರು. ಉಪ್ಪಿನಲ್ಲಿರುವ ಸೋಡಿಯಂ ಕಡಿಮೆಯಾದದ್ದೇ ಮುಖ್ಯ ಕಾರಣವೆಂದು ನಂತರದ ಸಂಶೋಧಕರು ಕಂಡುಕೊಂಡರು.

ಇದರ ಒಳಗುಟ್ಟು ಸರಳ. ಸೋಡಿಯಂ ನೀರನ್ನು ಹಿಡಿದಿಡುತ್ತದೆ. ಹೆಚ್ಚಾದ ಉಪ್ಪನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ. ಅದು ಸೋತಾಗ ಉಪ್ಪಿನೊಂದಿಗೆ ನೀರೂ ದೇಹದಲ್ಲಿ ಉಳಿದು, ರಕ್ತನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣ ಹೆಚ್ಚುತ್ತದೆ. ಒತ್ತಡ ಏರಿದಾಗ ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರದೂಡುತ್ತದೆ. ಅಂದರೆ, ದೇಹವು ಉಪ್ಪಿನ ಲೆಕ್ಕ ಸರಿದೂಗಿಸಲು ಏರಿದ ಒತ್ತಡದ ಬೆಲೆ ತೆರುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಆರ್ಥರ್ ಗೈಟನ್ ಇದನ್ನು ವಿವರವಾಗಿ ತೋರಿಸಿಕೊಟ್ಟರು.

1958ರಲ್ಲಿ ಕ್ಲೋರೋಥಯಾಝೈಡ್ ಎಂಬ ಮಾತ್ರೆ ಬಂತು. ಉಪ್ಪು ಮತ್ತು ನೀರನ್ನು ಮೂತ್ರದ ಮೂಲಕ ಹೊರಹಾಕುವ ಇದರ ಬಳಗದ ಮಾತ್ರೆಗಳನ್ನು ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ಆದರೆ ನಾವೇನು ಮಾಡುತ್ತಿದ್ದೇವೆ? ಬೆಳಿಗ್ಗೆ ಮಾತ್ರೆ ನುಂಗಿ, ಮಧ್ಯಾಹ್ನ ಗಂಜಿಯೊಂದಿಗೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ಬಡಿಸಿಕೊಳ್ಳುತ್ತೇವೆ. ಮಾತ್ರೆ ಹೊರಹಾಕಿದ್ದನ್ನು ನಮ್ಮ ಕೈಯೇ ಮತ್ತೆ ತುಂಬುತ್ತದೆ.

ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಂಪ್ನರ್ ಅವರ ಕಠಿಣ ಪಥ್ಯ ನಮಗೆ ಬೇಕಾಗಿಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ಸಲ್ಲದು. ಊಟಕ್ಕೆ ಕೂತಾಗ ಉಪ್ಪಿನ ಭರಣಿಯನ್ನು ಒಳಗೇ ಬಿಟ್ಟು ಬರುವುದರಿಂದ ನಾವು ಆರಂಭಿಸಬಹುದು.