ಸೂಪರ್‌ಹೀರೋ ಚಲನಚಿತ್ರಗಳು: ಕಾಮಿಕ್ಸ್ ಶಕ್ತಿಗಳ ತೆರೆಯ ರೂಪ

ಕಾಮಿಕ್ಸ್ ಪುಟದಲ್ಲಿ ನಾಯಕನ ಶಕ್ತಿಗೆ ಖರ್ಚಿಲ್ಲ. ಅವನು ಬೆಟ್ಟ ಎತ್ತಿದರೂ ಚೊಂಬು ಎತ್ತಿದರೂ ಚಿತ್ರಕಾರನಿಗೆ ತಗಲುವ ಶಾಯಿ ಹೆಚ್ಚುಕಡಿಮೆ ಒಂದೇ. ಸಿನಿಮಾದಲ್ಲಿ ಪ್ರತಿಯೊಂದು ಶಕ್ತಿಗೂ ತಂತಿ, ಬೊಂಬೆ, ಲೆನ್ಸ್ ಅಥವಾ ಕಂಪ್ಯೂಟರ್ ಬೇಕು. ಹೀಗಾಗಿ ಅಮೆರಿಕದ ಕಾಮಿಕ್ಸ್ ನಾಯಕರು ತೆರೆಗೆ ಬಂದಾಗಲೆಲ್ಲ ಅವರ ಶಕ್ತಿಗಳು ಆಯಾ ಕಾಲದ ತಂತ್ರಕ್ಕೂ ಹಣದ ಚೀಲಕ್ಕೂ ತಕ್ಕಂತೆ ಬದಲಾಗಿವೆ. ಆ ಬದಲಾವಣೆಗಳಲ್ಲಿ ಕೆಲವು ಮರಳಿ ಕಾಮಿಕ್ಸ್ ಪುಟವನ್ನೂ ಸೇರಿವೆ.

ಜೆರ್ರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರಿಸಿದ ಸೂಪರ್‌ಮ್ಯಾನ್ 1938ರ ಜೂನ್ ಸಂಚಿಕೆಯ ‘ಆ್ಯಕ್ಷನ್ ಕಾಮಿಕ್ಸ್’ನಲ್ಲಿ ಕಾಣಿಸಿಕೊಂಡಾಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ಜಿಗಿದು ದಾಟುತ್ತಿದ್ದ. ಸ್ಥಿರಚಿತ್ರದಲ್ಲಿ ಈ ನೆಗೆತ ಚೆನ್ನಾಗಿಯೇ ಕಾಣುತ್ತಿತ್ತು. 1941ರಲ್ಲಿ ಫ್ಲೈಶರ್ ಸ್ಟುಡಿಯೋದವರು ಸೂಪರ್‌ಮ್ಯಾನ್ ಕಾರ್ಟೂನ್ ಚಿತ್ರಗಳನ್ನು ಆರಂಭಿಸಿದಾಗ ಮಾತ್ರ, ನೆಲಕ್ಕಿಳಿದು ಮತ್ತೆ ಮತ್ತೆ ಕುಪ್ಪಳಿಸುವ ವೀರ ನಗೆಪಾಟಲಾಗುವಂತಿದ್ದ. ನೆಗೆತ ಕ್ರಮೇಣ ಹಾರಾಟವಾಯಿತು, ಕಾಮಿಕ್ಸ್ ಕೂಡ ಅದನ್ನೇ ಒಪ್ಪಿಕೊಂಡಿತು. ಅವನ ದೌರ್ಬಲ್ಯವೂ ಪುಟದ ಹೊರಗಿನಿಂದಲೇ ಬಂದದ್ದು: ಕ್ರಿಪ್ಟೊನೈಟ್ ಎಂಬ ಕಲ್ಲನ್ನು ಕೇಳುಗರು ಮೊದಲು ಅರಿತದ್ದು 1943ರ ರೇಡಿಯೋ ನಾಟಕದಲ್ಲಿ. ಅದು ಕಾಮಿಕ್ಸ್‌ಗೆ ಸೇರಲು 1949 ಆಗಬೇಕಾಯಿತು.

ನಿಜವಾದ ನಟರಿದ್ದ ಚಿತ್ರಗಳ ಪಾಡು ಬೇರೆ. 1941ರ ‘ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಮಾರ್ವೆಲ್’ ಎಂಬ ಚಿತ್ರಮಂದಿರದ ಧಾರಾವಾಹಿಯಲ್ಲಿ ರಿಪಬ್ಲಿಕ್ ಸಂಸ್ಥೆಯವರು ಆಳೆತ್ತರಕ್ಕೂ ದೊಡ್ಡದಾದ ಬೊಂಬೆಯೊಂದನ್ನು ತಂತಿಯ ಮೇಲೆ ಜಾರಿಸಿದರು. ನೆಗೆಯುವುದಕ್ಕೂ ಇಳಿಯುವುದಕ್ಕೂ ಸಾಹಸ ಕಲಾವಿದ ಡೇವಿಡ್ ಶಾರ್ಪ್ ಇದ್ದರು. ಇಂದು ನೋಡಿದರೂ ಆ ಹಾರಾಟ ಮೋಸವೆನಿಸುವುದಿಲ್ಲ. ಏಳು ವರ್ಷಗಳ ನಂತರ ಬಂದ ಕೊಲಂಬಿಯಾ ಸಂಸ್ಥೆಯ ‘ಸೂಪರ್‌ಮ್ಯಾನ್’ ಧಾರಾವಾಹಿಯ ಬಗ್ಗೆ ಈ ಮಾತು ಹೇಳಲಾಗದು. ಅಲ್ಲಿ ನಟ ಕರ್ಕ್ ಆಲಿನ್ ಹಾರಬೇಕಾದ ಕ್ಷಣದಲ್ಲಿ ಅವರ ಜಾಗದಲ್ಲಿ ಕಾರ್ಟೂನ್ ಮನುಷ್ಯನೊಬ್ಬ ಹಾರಿಹೋಗುತ್ತಾನೆ. ಯಾವ ಅತಿಮಾನುಷ ಶಕ್ತಿಯೂ ಇಲ್ಲದ ಬ್ಯಾಟ್‌ಮ್ಯಾನ್ ನಿರ್ಮಾಪಕರಿಗೆ ಅಗ್ಗವಾಗಿ ಒದಗಿದ. ಕೊಲಂಬಿಯಾದ 1943ರ ಧಾರಾವಾಹಿ ಅವನಿಗೆ ನೆಲದಡಿಯ ಗುಹೆಯನ್ನು ಕೊಟ್ಟಿತು. ಕಾಮಿಕ್ಸ್‌ನಲ್ಲಿ ದಪ್ಪಗಿದ್ದ ಬಟ್ಲರ್ ಆಲ್‌ಫ್ರೆಡ್ ಧಾರಾವಾಹಿಯ ನಟನನ್ನು ಹೋಲುವಂತೆ ಸಣಕಲಾಗಿ ಮೀಸೆ ಬಿಟ್ಟ.

ರಿಚರ್ಡ್ ಡಾನರ್ ನಿರ್ದೇಶನದ ‘ಸೂಪರ್‌ಮ್ಯಾನ್’ (1978) ಹಾರಾಟದ ಸಮಸ್ಯೆಗೆ ಹೊಸ ಉತ್ತರ ಕಂಡುಕೊಂಡಿತು. ಜೋರಾನ್ ಪೆರಿಸಿಕ್ ಎಂಬ ತಂತ್ರಜ್ಞರು ಕ್ಯಾಮೆರಾಕ್ಕೂ ಹಿನ್ನೆಲೆ ಚಿತ್ರ ಮೂಡಿಸುವ ಪ್ರೊಜೆಕ್ಟರ್‌ಗೂ ಜೂಮ್ ಲೆನ್ಸ್ ಅಳವಡಿಸಿ, ಎರಡೂ ಒಟ್ಟಿಗೇ ಚಲಿಸುವಂತೆ ಮಾಡಿದರು. ಹಿನ್ನೆಲೆಯ ಆಕಾಶದ ಗಾತ್ರ ಬದಲಾಗುವುದಿಲ್ಲ, ನಟ ಕ್ರಿಸ್ಟಫರ್ ರೀವ್ ಮಾತ್ರ ನಮ್ಮತ್ತ ಧಾವಿಸಿ ಬಂದಂತೆ ಕಾಣುತ್ತದೆ. ಚಿತ್ರದ ದೃಶ್ಯತಂತ್ರಕ್ಕೆ ವಿಶೇಷ ಆಸ್ಕರ್ ಬಂತು. ಆದರೂ ಆ ಹಾರಾಟವನ್ನು ನಂಬಿಸಿದ ಅರ್ಧ ಶ್ರೇಯ ರೀವ್ ಅವರ ದೇಹಭಾಷೆಗೇ ಸಲ್ಲಬೇಕು; ತಿರುವಿನಲ್ಲಿ ಅವರು ಭುಜ ವಾಲಿಸುವ ರೀತಿಯನ್ನು ಯಾವ ಲೆನ್ಸೂ ಕಲಿಸಲಾರದು.

ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಪ್ರಶ್ನೆ ತಂತ್ರದ್ದಷ್ಟೇ ಆಗಿರಲಿಲ್ಲ, ನಂಬಿಕೆಯದೂ ಆಗಿತ್ತು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಸೃಷ್ಟಿಸಿದ ಪೀಟರ್ ಪಾರ್ಕರ್‌ಗೆ ಗೋಡೆ ಹತ್ತುವ ಬಲ ಜೇಡದ ಕಡಿತದಿಂದ ಬಂದದ್ದು. ಬಲೆಯ ನೂಲನ್ನೂ ಅದನ್ನು ಚಿಮ್ಮಿಸುವ ಮಣಿಕಟ್ಟಿನ ಯಂತ್ರವನ್ನೂ ಆ ಹುಡುಗ ತಾನೇ ತಯಾರಿಸಿದ. ಸ್ಯಾಮ್ ರೈಮಿಯವರ 2002ರ ಚಿತ್ರ ಯಂತ್ರವನ್ನು ಕೈಬಿಟ್ಟಿತು. ಜೇಮ್ಸ್ ಕ್ಯಾಮರೂನ್ ತೊಂಬತ್ತರ ದಶಕದಲ್ಲಿ ಬರೆದಿಟ್ಟಿದ್ದ, ಚಿತ್ರವಾಗದೆ ಉಳಿದ ಕಥೆಯಲ್ಲಿದ್ದಂತೆ ನೂಲು ನೇರವಾಗಿ ಮಣಿಕಟ್ಟಿನಿಂದಲೇ ಹೊಮ್ಮಿತು. ವಿಕಿರಣದ ಜೇಡವೂ ಹೋಗಿ, ವಂಶವಾಹಿ ತಿದ್ದಿದ ಜೇಡ ಬಂತು: ಶೀತಲ ಸಮರ ಮುಗಿದಿತ್ತು, ಜನರ ಭಯ ಅಣುಬಾಂಬಿನಿಂದ ಪ್ರಯೋಗಾಲಯಕ್ಕೆ ಸರಿದಿತ್ತು. ಅಭಿಮಾನಿಗಳು ಮುನಿಸಿಕೊಂಡರು. ಬಡ ಹುಡುಗನ ಜಾಣತನವನ್ನೇ ಕಿತ್ತುಕೊಂಡರೆ ಉಳಿಯುವುದೇನು ಎಂಬ ಅವರ ಆಕ್ಷೇಪದಲ್ಲಿ ಹುರುಳಿತ್ತು. ಆದರೂ 2004ರ ಹೊತ್ತಿಗೆ ಕಾಮಿಕ್ಸ್‌ನ ಪೀಟರ್ ಮಣಿಕಟ್ಟಿನಲ್ಲೂ ನೂಲು ಹುಟ್ಟಿತು. ಕೆಲ ವರ್ಷಗಳಲ್ಲಿ ಮಾಯವೂ ಆಯಿತು. 2012ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಯಂತ್ರವನ್ನು ಮರಳಿ ತಂದಿತು. 2021ರ ‘ನೋ ವೇ ಹೋಮ್’ನಲ್ಲಿ ಮೂವರು ಪೀಟರ್‌ಗಳು ಎದುರಾದಾಗ ಇದೇ ವಿಷಯ ಅವರ ತಮಾಷೆಗೂ ವಸ್ತುವಾಯಿತು.

ಉಡುಪು ಮತ್ತು ಮೈಕಟ್ಟಿನಲ್ಲೂ ಇಂಥ ಹೊಂದಾಣಿಕೆಗಳಾಗಿವೆ. ‘ಎಕ್ಸ್‌-ಮೆನ್’ (2000) ಬಣ್ಣದ ಬಟ್ಟೆಗೆ ನಾಚಿ ಎಲ್ಲರಿಗೂ ಕಪ್ಪು ಚರ್ಮ ತೊಡಿಸಿತು. ಐದು ಅಡಿ ಮೂರು ಇಂಚಿನ ವೊಲ್ವರೀನ್ ಪಾತ್ರ ಆರಡಿ ದಾಟಿದ ಹ್ಯೂ ಜಾಕ್‌ಮನ್ ಅವರದಾಯಿತು, ಹಳದಿ ಉಡುಪಿನಲ್ಲಿ ಹೋರಾಡಲು ಅವರು 2024ರವರೆಗೆ ಕಾಯಬೇಕಾಯಿತು. ‘ಐರನ್ ಮ್ಯಾನ್’ (2008) ಕವಚದೊಳಗೇ ಕ್ಯಾಮೆರಾ ಇದ್ದಂತೆ ನಟನ ಮುಖವನ್ನು ತೋರಿಸಿತು. ಕಾಮಿಕ್ಸ್‌ನಲ್ಲಿ ವಿಯೆಟ್ನಾಂನಲ್ಲಿ ಸೆರೆಸಿಕ್ಕಿದ್ದ ನಾಯಕ ಇಲ್ಲಿ ಸಿಕ್ಕಿಬಿದ್ದದ್ದು ಅಫ್ಘಾನಿಸ್ತಾನದಲ್ಲಿ.

ಕಂಪ್ಯೂಟರ್ ಎಲ್ಲವನ್ನೂ ತೋರಿಸಬಲ್ಲದೆಂದಾದ ಮೇಲೆ ಕೆಲವರು ಪುಟದ ಸೊಗಸನ್ನೇ ತೆರೆಗೆ ತರಲು ಹೊರಟರು. ಆಂಗ್ ಲೀ 2003ರ ‘ಹಲ್ಕ್‌’ನಲ್ಲಿ ತೆರೆಯನ್ನು ಕಾಮಿಕ್ಸ್ ಚೌಕಗಳಂತೆ ಸೀಳಿದರು, ಆ ಪ್ರಯೋಗ ಕಥೆಯ ಜೊತೆ ಅಷ್ಟಾಗಿ ಬೆರೆಯಲಿಲ್ಲ. ಆಸ್ಕರ್ ಪಡೆದ ಅನಿಮೇಷನ್ ಚಿತ್ರ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ (2018) ಅದನ್ನು ಸಾಧಿಸಿತು. ಅಪಾಯದ ಮುನ್ಸೂಚನೆಗೆ ಡಿಟ್ಕೊ ತಲೆಯ ಸುತ್ತ ಬರೆಯುತ್ತಿದ್ದ ಅಂಕುಡೊಂಕು ಗೆರೆಗಳು, ಅಗ್ಗದ ಮುದ್ರಣದ ಬಣ್ಣದ ಚುಕ್ಕೆಗಳು ಎಲ್ಲವೂ ಅಲ್ಲಿ ಚಲಿಸಿದವು. ಅದರ ಮುಂದಿನ ಭಾಗ 2023ರಲ್ಲಿ ಕನ್ನಡಕ್ಕೂ ಡಬ್ ಆಗಿ ಬಂತು. 2004ರ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಕಾಮಿಕ್ಸ್‌ನಲ್ಲಿ ಯೋಗಿಯೊಬ್ಬನಿಂದ ಶಕ್ತಿ ಪಡೆದು ಪಂಚೆಯುಟ್ಟು ಓಡಾಡಿದ್ದ ಪವಿತ್ರ್ ಪ್ರಭಾಕರ್ ಅದರಲ್ಲಿದ್ದಾನೆ, ಅವನ ಬಲೆಯ ನೂಲು ಹೊಮ್ಮುವುದು ಕೈಯ ಕಡಗದಿಂದ.