ಮಕ್ಕಳಾಟ ಅಲ್ಲ

ಶಾಲೆಯಲ್ಲಿ ಒಬ್ಬ ಹುಡುಗನ ಊಟದ ಡಬ್ಬಿಯನ್ನು ನಾವು ದಿನಾ ಬಚ್ಚಿಡ್ತಿದ್ವಿ. ಅವನಮ್ಮ ದೂರು ತಂದಾಗ ಮೇಷ್ಟ್ರು, 'ಮಕ್ಕಳಾಟ, ಬಿಡಿ ತಾಯಿ' ಅಂದ್ರು.

ನಾರ್ವೆಗೆ ಹಾಗೆ ಬಿಡಲಾಗಲಿಲ್ಲ. 1982ರ ಕೊನೆಗೆ ಅಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಕಾರಣ ಇರಬೇಕು ಅನ್ನೋ ಸುದ್ದಿ ದೇಶವನ್ನೇ ಅಲುಗಿಸಿತು. ಮರುವರ್ಷ ರಾಷ್ಟ್ರವ್ಯಾಪಿ ಅಭಿಯಾನ ಶುರುವಾಯಿತು.

ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಬುಲ್ಲಿಯಿಂಗ್‌ಗೆ ಕೊಟ್ಟ ಲಕ್ಷಣ ಮೂರು: ಬೇಕಂತಲೇ ನೋಯಿಸೋದು, ಮತ್ತೆ ಮತ್ತೆ ನೋಯಿಸೋದು, ತಿರುಗಿ ನಿಲ್ಲಲಾಗದವರನ್ನು ನೋಯಿಸೋದು. ಹೆಸರು ಬರೆಯಬೇಕಿಲ್ಲದ ಪ್ರಶ್ನಾವಳಿ ಕೊಟ್ಟು ಅವರು ಮಕ್ಕಳನ್ನೇ ಕೇಳಿದರು. ಬರ್ಗೆನ್‌ನ 42 ಶಾಲೆಗಳಲ್ಲಿ ತರಗತಿಗೆ ನಿಯಮ ಬಂತು, ಬಿಡುವಿನಲ್ಲಿ ಮೇಷ್ಟ್ರ ಕಣ್ಗಾವಲು ಹೆಚ್ಚಿತು. ಎರಡು ವರ್ಷದಲ್ಲಿ ಕಾಟ ಸುಮಾರು ಅರ್ಧಕ್ಕಿಳಿಯಿತು.

ಆ ಮೂರು ಲಕ್ಷಣ ಓದಿದಾಗ ನೆನಪಾದದ್ದು ಆ ಡಬ್ಬಿ. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹೆಸರು ಬರೆಯದೆ ನಾನು ಒಪ್ಕೋತಿದ್ದೆ.