ಶುದ್ಧಿಯ ಎರಡು ಚರಿತ್ರೆ

ನೀರನ್ನು ಶುದ್ಧಿ ಮಾಡುವ ಎರಡು ವಿದ್ಯೆಗಳ ಚರಿತ್ರೆ ನಮ್ಮ ಮುಂದಿದೆ. ಒಂದು ಬಿಸಿಲಿನದು, ಇನ್ನೊಂದು ಸಗಣಿಯದು.

ಮೊದಲು ಬಿಸಿಲಿನದು. ಇಂದಿನ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಲಾಸ್ ಸಲಿನಾಸ್ ಎಂಬ ಗಣಿ ಪ್ರದೇಶ. ಅಲ್ಲಿ ಸಿಗುತ್ತಿದ್ದದ್ದು ಬಾಯಿಗಿಡಲಾಗದ ಉಪ್ಪುನೀರು. 1872ರಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ಇಂಜಿನಿಯರು ಮರದ ತೊಟ್ಟಿಗಳ ತಳ ಕಪ್ಪು ಮಾಡಿ, ಮೇಲೆ ಓರೆಯಾಗಿ ಗಾಜು ಹೊದಿಸಿದ. ಬಿಸಿಲಿಗೆ ನೀರು ಆವಿಯಾಯಿತು. ಆವಿ ಗಾಜಿಗೆ ಹತ್ತಿ, ಹನಿಯಾಗಿ ಜಾರಿ ಕೆಳಗಿಳಿಯಿತು. ಉಪ್ಪು ತೊಟ್ಟಿಯಲ್ಲೇ ಉಳಿಯಿತು. ದಿನಕ್ಕೆ 20,000 ಲೀಟರಿಗೂ ಮಿಕ್ಕಿ ಸಿಹಿನೀರು ಬರುತ್ತಿತ್ತು. ಅದು ಹೋಗುತ್ತಿದ್ದದ್ದು ಗಣಿಯ ಹೇಸರಗತ್ತೆಗಳಿಗೆ. ಕತ್ತೆ ಸತ್ತರೆ ಧಣಿಗೆ ನಷ್ಟ ಅಲ್ಲವೇ!

ಈಗ ಸಗಣಿಯದು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲೇ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತ್ತು. ಅದು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ದನ ಕುಡಿದಾಗ ಕೆಡದ ನೀರು ಮನುಷ್ಯ ಕುಡಿದಾಗ ಕೆಟ್ಟಿತಂತೆ! ಹಾಲು, ಮೊಸರು, ಸಗಣಿ, ಗಂಜಳದ 108 ಕೊಡ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಕೋರ್ಟಿನ ದಾವೆ ನಮ್ಮ ಕಡೆ ತೀರಲು 1937 ಬರಬೇಕಾಯಿತು.

ಅಟಕಾಮದ ಕತ್ತೆಗೆ ಸಿಕ್ಕ ಮರ್ಯಾದೆ ಐವತ್ತೈದು ವರ್ಷ ಕಳೆದರೂ ನಮಗೆ ಸಿಕ್ಕಿರಲಿಲ್ಲ.

ಬಿಸಿಲಿನ ವಿದ್ಯೆ ಈ ದೇಶಕ್ಕೂ ಬಂತು. ಭಾವನಗರದ ಉಪ್ಪು ಸಂಶೋಧನಾ ಸಂಸ್ಥೆಯವರು 1978ರಲ್ಲಿ ಗುಜರಾತಿನ ಅವಾನಿಯಾ ಹಳ್ಳಿಯಲ್ಲಿ ದಿನಕ್ಕೆ 5,000 ಲೀಟರಿನ ಸ್ಥಾವರ ಕಟ್ಟಿದರು. ನಮ್ಮ ಪಾವಗಡದ ಸೀಮೆಯಲ್ಲಿ ಬೋರಿನ ನೀರಿಗೆ ಫ್ಲೋರೈಡ್ ಸೇರಿ ಹಲ್ಲು ಕಂದಿದ, ಮೂಳೆ ಬಾಗಿದ ಜನ ಇದ್ದಾರೆ. ಫ್ಲೋರೈಡೂ ಉಪ್ಪಿನ ಹಾಗೇ ತೊಟ್ಟಿಯಲ್ಲೇ ಉಳಿಯುತ್ತದೆ. ಬಿಸಿಲಿಗಂತೂ ಬರವಿಲ್ಲ.

ಆದರೆ ಲೆಕ್ಕ ನೋಡಿ. ಒಂದು ಚದರ ಮೀಟರ್ ಗಾಜು ಒಳ್ಳೇ ಬಿಸಿಲಲ್ಲಿ ಕೊಡೋದು ಮೂರು-ನಾಲ್ಕು ಲೀಟರು. ಐದು ಜನರ ಸಂಸಾರಕ್ಕೆ ಬರೀ ಕುಡಿಯೋಕೇ ನಾಲ್ಕೈದು ಚದರ ಮೀಟರ್ ಬೇಕು. ಅಂದರೆ ನೀರಿಗೆ ಮೊದಲು ನೆಲ ಬೇಕು. ಗೋಡೆಗೆ ಗೋಡೆ ಅಂಟಿದ ನಮ್ಮ ಕೇರಿಯಲ್ಲಿ ಆ ನೆಲ ಎಲ್ಲಿದೆ? ತೊಟ್ಟಿ ಊರೊಳಗಿನ ಜಗಲಿಯ ಮುಂದೆ ಎದ್ದರೆ, ನಮ್ಮವ್ವಂದಿರು ಮತ್ತೆ ಕೊಡ ಹಿಡಿದು, ಯಾರಾದರೂ ಮೇಲಿಂದ ಹುಯ್ಯಲಿ ಅಂತ ದೂರ ನಿಲ್ಲಬೇಕೇನು?

ಬಿಸಿಲು ಉಪ್ಪನ್ನು ಬೇರ್ಪಡಿಸೀತು, ಜಾತಿಯನ್ನಲ್ಲ. ಅದು ನಮ್ಮ ಕೆಲಸ. ಗಾಜಿನ ತೊಟ್ಟಿ ಬರಲಿ. ಕೇರಿಯ ನೆಲದಲ್ಲೇ ಬರಲಿ, ಅದರ ಬೀಗದ ಕೈ ನಮ್ಮ ಹೆಂಗಸರ ಸೊಂಟದಲ್ಲಿರಲಿ.